ಆಕಾಶ ಬಲ್ಲವನಿಗೂ ಪರೀಕ್ಷೆಯೇ?



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ – ಈ ನಾಲ್ಕು ಊರುಗಳ ಪ್ರೌಢಶಾಲೆಗಳಲ್ಲಿಯೇ ನನ್ನ ವೃತ್ತಿಜೀವನ ಕಳೆಯಿತೆಂಬುದು ನಿಮಗೆಲ್ಲ ತಿಳಿದ ಸಂಗತಿ. ಈ ಸೀಮೆಯ ಪ್ರತಿಯೊಂದು ತರಗತಿಯಲ್ಲಿಯೂ ಸೈನ್ಯ ಸೇರುವ ಕನಸು ಕಾಣುವ ಮಕ್ಕಳು ಇಬ್ಬರೋ ಮೂವರೋ ಇದ್ದೇ ಇರುತ್ತಿದ್ದರು. ಸಂಗೊಳ್ಳಿ ರಾಯಣ್ಣನ ನಾಡು, ರಾಣಿ ಚೆನ್ನಮ್ಮನ ಸಮಾಧಿಯಿರುವ ನೆಲ, ಅದು ಸಹಜವೇ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ, ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆಯಿದೆ, ಕಿತ್ತೂರಿನಲ್ಲಿ 1969ರಲ್ಲಿ ಆರಂಭವಾದ ಬಾಲಕಿಯರ ಸೈನಿಕ ವಸತಿ ಶಾಲೆಯಿದೆ. ಸೈನ್ಯಕ್ಕೆ ಸೇರುವುದು ಹೇಗೆಂದು ಕೇಳಿದರೆ ಹೇಳಲು ಊರಿಗೆ ಹತ್ತು ಜನ ಸಿಗುತ್ತಾರೆ. ಬಿಟ್ಟು ಬರುವಾಗ ಏನು ಮಾಡಬೇಕೆಂದು ಹೇಳುವವರು ಮಾತ್ರ ವಿರಳ.

ಈ ವಿಷಯವನ್ನು ಬರೆಯಲು ಕಾರಣನಾದವನು ಬೈಲಹೊಂಗಲ ತಾಲ್ಲೂಕಿನ ನನ್ನ ಹಳೆಯ ವಿದ್ಯಾರ್ಥಿ. ಹೆಸರು ಬೇಡ, ನಿಮ್ಮಲ್ಲಿ ಕೆಲವರು ಊಹಿಸಿಯೇ ಊಹಿಸುತ್ತೀರಿ. ವಾಯುಪಡೆಯಲ್ಲಿ ಸರಕು ಸಾಗಣೆ ವಿಮಾನಗಳ ಚಾಲಕ. ಶಾರ್ಟ್ ಸರ್ವಿಸ್ ಕಮಿಷನ್ನಿನ ಅಧಿಕಾರಿಯಾದ್ದರಿಂದ ಅವನ ಹಾರಾಟದ ಸೇವೆ 14 ವರ್ಷಕ್ಕೆ ಮುಗಿಯುತ್ತದೆ. ಅಧಿಕಾರಿಗಳಿಗೆ ನಿವೃತ್ತಿವೇತನ ಸಿಗಲು 20 ವರ್ಷಗಳ ಸೇವೆ ಬೇಕು. ಹೀಗಾಗಿ 22ಕ್ಕೆ ಸೇರಿದವನು 36ನೆಯ ವಯಸ್ಸಿಗೆ ಪಿಂಚಣಿಯಿಲ್ಲದೆ ಹೊರಗೆ ಬರುತ್ತಾನೆ. ಮನೆಯಲ್ಲಿ ಸಣ್ಣ ಮಕ್ಕಳು, ಊರಲ್ಲಿ ವಯಸ್ಸಾದ ತಂದೆತಾಯಿ. ಆದರೆ ನಾಗರಿಕ ವಿಮಾನಗಳನ್ನು 65 ವರ್ಷದವರೆಗೂ ಹಾರಿಸಬಹುದು. ಅಂದರೆ ಸೈನ್ಯದಲ್ಲಿ ಕಳೆದ ಕಾಲದ ಎರಡು ಪಟ್ಟು ಕಾಲ ಇನ್ನೂ ಅವನ ಮುಂದೆ ಇದೆ.

ಅವನ ಪ್ರಶ್ನೆ ಇಷ್ಟೇ: “ಸರ್, ಮೊದಲು ಕಂಪನಿಗಳಿಗೆ ಅರ್ಜಿ ಹಾಕಲೋ, ಮೊದಲು ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆಯಲೋ?” ಅವನ ಜೊತೆಯವರಲ್ಲಿಯೇ ಎರಡು ಪಕ್ಷಗಳಿದ್ದವು. ಸಾವಿರಾರು ಗಂಟೆ ಹಾರಿದವನನ್ನು ಕಂಪನಿಯೇ ಕರೆದು ಕಲಿಸಿಕೊಳ್ಳುತ್ತದೆ ಎಂಬುದು ಒಂದು. ಎಲ್ಲವನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು ಎಂಬುದು ಇನ್ನೊಂದು.

ವಿಮಾನದ ವಿಷಯದಲ್ಲಿ ನಾನು ತರಗತಿಯಲ್ಲಿ ಬರ್ನೂಲಿಯ ತತ್ತ್ವ ಹೇಳಿದಷ್ಟೇ ಬಲ್ಲವನು. ಆದರೂ ಅವನು ಕಳುಹಿಸಿದ ನಿಯಮಗಳನ್ನು ಓದಿದೆ, ಕೇಳಿ ತಿಳಿದುಕೊಂಡೆ. ಆಗ ಸ್ಪಷ್ಟವಾದದ್ದು ಇದು: ಎರಡೂ ಪಕ್ಷದವರು ‘ಪ್ರಮಾಣಪತ್ರ’ ಎಂಬ ಒಂದೇ ಶಬ್ದದಲ್ಲಿ ಎರಡು ಬೇರೆ ಬೇರೆ ವಸ್ತುಗಳನ್ನು ಕಟ್ಟಿದ್ದಾರೆ.

ಮೊದಲನೆಯದು ಪರವಾನಗಿ. ವಾಯುಪಡೆ ಎದೆಯ ಮೇಲೆ ತೊಡಿಸಿದ ರೆಕ್ಕೆಗಳು ನಾಗರಿಕ ವಿಮಾನಯಾನದಲ್ಲಿ ಪರವಾನಗಿಯಾಗುವುದಿಲ್ಲ. ಅದನ್ನು ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ವಾಣಿಜ್ಯ ಚಾಲಕನ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ಕ್ಯಾಪ್ಟನ್ ಆಗಲು ಬೇಕಾದ ಮೇಲಿನ ಪರವಾನಗಿಗೆ 1,500 ಗಂಟೆ. ಸೈನ್ಯದಲ್ಲಿ ಹಾರಿದ ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಆದರೆ ನಾಗರಿಕ ವಾಯುನಿಯಮಗಳ ಪರೀಕ್ಷೆಯನ್ನು ಬರೆದೇ ತೀರಬೇಕು. ರೇಡಿಯೊ ಸಂಭಾಷಣೆಯ ಪರವಾನಗಿ ಬೇಕು. 2025ರ ಜನವರಿ 1ರಂದು ಭಾರತೀಯ ವಾಯುಯಾನ ಅಧಿನಿಯಮ ಜಾರಿಗೆ ಬಂದ ಮೇಲೆ ಇದೂ ದೂರಸಂಪರ್ಕ ಇಲಾಖೆಯಿಂದ ಡಿಜಿಸಿಎ ಕೈಗೆ ಬಂದಿದೆ. ಮೇಲಾಗಿ ಮೊದಲ ದರ್ಜೆಯ ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಇತ್ತೀಚೆಗೆ ಎಷ್ಟು ಹಾರಿದ್ದೀರಿ ಎಂಬ ಲೆಕ್ಕವನ್ನೂ ತೋರಿಸಬೇಕು.

ಎರಡನೆಯದು ಟೈಪ್ ರೇಟಿಂಗ್. ಏರ್‌ಬಸ್ 320, ಬೋಯಿಂಗ್ 737, ಎಟಿಆರ್ – ಹೀಗೆ ಒಂದೊಂದು ಜಾತಿಯ ವಿಮಾನಕ್ಕೂ ಪ್ರತ್ಯೇಕ ತರಬೇತಿ. ತರಗತಿಯ ಪಾಠ, ಅನಂತರ ನೆಲದ ಮೇಲೆಯೇ ನಿಂತು ಆಕಾಶವನ್ನು ತೋರಿಸುವ ಸಿಮ್ಯುಲೇಟರಿನ ಅಭ್ಯಾಸ. ನಮ್ಮ ಸುರೇಬಾನ, ರಾಮದುರ್ಗದ ನೇಕಾರರನ್ನು ಕೇಳಿ. ಕೈಮಗ್ಗದಲ್ಲಿ ಪಳಗಿದವನು ವಿದ್ಯುತ್ ಮಗ್ಗದ ಮುಂದೆ ನಿಂತಾಗ ಅವನ ನೇಕಾರಿಕೆ ಮರೆತುಹೋಗುವುದಿಲ್ಲ; ಆದರೆ ಆ ಮಗ್ಗದ ಮರ್ಜಿಯನ್ನು ಹೊಸದಾಗಿ ಕಲಿಯಲೇಬೇಕು. ಇದೂ ಹಾಗೆಯೇ. ಇದರ ಖರ್ಚು ಮಾತ್ರ ಲಕ್ಷಗಳ ಲೆಕ್ಕದಲ್ಲಿ.

ಪರವಾನಗಿಯ ವಿಷಯದಲ್ಲಿ ನನಗೆ ಸಂಶಯವೇ ಉಳಿಯಲಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡಬಾರದು. ಸೇವೆಯಲ್ಲಿರುವಾಗಲೇ, ಕೊನೆಯ ಎರಡು ವರ್ಷಗಳಲ್ಲಿ, ಸಂಬಳ ಬರುತ್ತಿರುವಾಗ ಮತ್ತು ಹಾರಾಟ ನಡೆಯುತ್ತಿರುವಾಗ ಅದನ್ನು ಮುಗಿಸಬೇಕು. ದಾಖಲೆ ಪುಸ್ತಕಕ್ಕೆ ಸಹಿ ಹಾಕುವ ಅಧಿಕಾರಿ ಅದೇ ನೆಲೆಯಲ್ಲಿ ಸಿಗುತ್ತಾನೆ. ಹೊರಗೆ ಬಂದ ಮೇಲೆ ಪ್ರತಿಯೊಂದು ತಿಂಗಳೂ ಮನೆಯ ಉಳಿತಾಯವನ್ನು ತಿನ್ನುತ್ತದೆ. ಹಾರದ ಪ್ರತಿಯೊಂದು ತಿಂಗಳೂ ಅರ್ಹತೆಯನ್ನು ಹಳತಾಗಿಸುತ್ತದೆ.

ಅವನಿಗೆ ಅಡ್ಡಿಯಾಗಿದ್ದುದು ಹಣವಲ್ಲ, ಅಭಿಮಾನ. “ಇಷ್ಟು ವರ್ಷ ಹಾರಿದವನು ಇಪ್ಪತ್ತು ವರ್ಷದ ಹುಡುಗರ ಪಕ್ಕದಲ್ಲಿ ಕುಳಿತು ಪರೀಕ್ಷೆ ಬರೆಯಬೇಕೇ ಸರ್?” ಎಂದ. ಆಗ ನನ್ನದೇ ಸಂಗತಿಯನ್ನು ಹೇಳಿದೆ. ಬಿ.ಎಡ್. ಸೇರುವ ಮೊದಲು ನಾನು ಒಂದು ಖಾಸಗಿ ಶಾಲೆಯಲ್ಲಿ ಮೂರು ವರ್ಷ ಪಾಠ ಹೇಳಿದ್ದೆ. ಮಕ್ಕಳು ಪಾಸಾಗುತ್ತಿದ್ದರು, ಪಾಲಕರು ಮೆಚ್ಚಿದ್ದರು. ಆದರೂ ಧಾರವಾಡಕ್ಕೆ ಹೋಗಿ, ನಲವತ್ತು ನಿಮಿಷದ ಪಾಠಕ್ಕೆ ನಾಲ್ಕು ಪುಟದ ಪಾಠಯೋಜನೆ ಬರೆಯುತ್ತಾ ಒಂದು ವರ್ಷ ಕಳೆದೆ. ಅಲ್ಲಿ ನಾನು ಕಲಿತದ್ದು ಪಾಠ ಹೇಳುವುದನ್ನಲ್ಲ. ನನ್ನ ಬಗ್ಗೆ ಏನೂ ತಿಳಿಯದ ಮೇಲ್ವಿಚಾರಕ ಹಿಂದಿನ ಬೆಂಚಿನಲ್ಲಿ ಕುಳಿತು, ಬರೆದದ್ದನ್ನೂ ನಡೆದದ್ದನ್ನೂ ತಾಳೆ ನೋಡಬಲ್ಲ ಹಾಗೆ ಕೆಲಸ ಮಾಡುವುದನ್ನು. ಪ್ರಮಾಣಪತ್ರವೆಂದರೆ ಜಾಣತನದ ಅಳತೆಯಲ್ಲ. ನಮ್ಮ ವಿದ್ಯೆಯನ್ನು ಅಪರಿಚಿತನೂ ಓದಬಲ್ಲ ಲಿಪಿಯಲ್ಲಿ ಬರೆದುಕೊಡುವ ಕಾಗದ.

ವಿಮಾನದಲ್ಲಂತೂ ಇದು ಇನ್ನೂ ನಿಜ. ಬೀದರಿನಲ್ಲಿ ಹಾಕ್ ವಿಮಾನಗಳ ಮೇಲೆ ತಯಾರಾಗುವ ಯುದ್ಧವಿಮಾನದ ಚಾಲಕ ಮುಂದೆ ಬಹುಪಾಲು ಒಬ್ಬನೇ ಹಾರುತ್ತಾನೆ. ಯಲಹಂಕದಲ್ಲಿ ಕಲಿತ ಸಾಗಣೆ ವಿಮಾನದ ಚಾಲಕನಿಗೆ ಜೊತೆಗಾರನ ಅಭ್ಯಾಸವಿದೆ, ಆದರೆ ಅವನ ಗುರಿಯೂ ಒಪ್ಪಿಸಿದ ಕಾರ್ಯವೇ. ಪ್ರಯಾಣಿಕರ ವಿಮಾನದಲ್ಲಿ ಇಬ್ಬರು ಚಾಲಕರು. ಇವತ್ತು ಜೊತೆಗೆ ಕುಳಿತವರು ನಾಳೆ ಕೂಡುವುದಿಲ್ಲ. ಒಬ್ಬ ಓದಿ ಹೇಳಬೇಕು, ಇನ್ನೊಬ್ಬ ನೋಡಿ ಉತ್ತರಿಸಬೇಕು. ಒಬ್ಬರನ್ನೊಬ್ಬರು ಅರಿಯದ ಇಬ್ಬರನ್ನು ಕೂಡಿಸುವುದು ಬರೆದಿಟ್ಟ ಕ್ರಮ ಮಾತ್ರ. ಆ ಕ್ರಮವನ್ನು ಪುಸ್ತಕದಿಂದಲೇ ಕಲಿಯುವುದರಲ್ಲಿ ಅವಮಾನವೇನಿದೆ?

ಟೈಪ್ ರೇಟಿಂಗಿನ ವಿಷಯ ಹಾಗಲ್ಲ. ಇಲ್ಲಿಯೇ ನಿಜವಾದ ಇಕ್ಕಟ್ಟು ಎದುರಾದದ್ದು. ಅದರ ಖರ್ಚಿಗಾಗಿ ತಮ್ಮ ನಾಲ್ಕು ಎಕರೆ ಎರೆ ಭೂಮಿಯಲ್ಲಿ ಎರಡನ್ನು ಮಾರಿ ಕೊಡುತ್ತೇನೆಂದು ಅವನ ತಂದೆ ಹೊರಟಿದ್ದರು. ಹತ್ತಿ, ಜೋಳ, ಕಡಲೆ ಬೆಳೆದು ಮಗನನ್ನು ಓದಿಸಿದ ಹೊಲ ಅದು. ನಾನು ಬೇಡವೆಂದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರೆ ಅದು ಯಾರ ತಲೆಗೆ ಹೊಂದುತ್ತದೆ? ಇಂಡಿಗೊ ಕಂಪನಿಯಲ್ಲಿ ಏರ್‌ಬಸ್ಸೂ ಇದೆ, ಎಟಿಆರೂ ಇದೆ. 2022ರಲ್ಲಿ ಆರಂಭವಾದ ಆಕಾಸಾದಲ್ಲಿ ಇರುವುದು ಬೋಯಿಂಗ್ 737 ಮಾತ್ರ. ನಮ್ಮ ಬೆಳಗಾವಿಯವರಿಗೆ ಪರಿಚಿತವಾದ ಸ್ಟಾರ್ ಏರ್ ಹಾರಿಸುವುದು ಎಂಬ್ರಾಯರ್. ಒಂದನ್ನು ಕಲಿತು ಕುಳಿತಾಗ ಕರೆ ಬೇರೊಂದಕ್ಕೆ ಬಂದರೆ ಹೊಲ ತಿರುಗಿ ಬರುವುದಿಲ್ಲ. ಹಾರದೆ ಬಿಟ್ಟರೆ ಆ ಅರ್ಹತೆಯೂ ಜೀವಂತವಾಗಿ ಉಳಿಯುವುದಿಲ್ಲ.

ಕಾಲ ಚೆನ್ನಾಗಿದೆಯೆಂದು ವಾದಿಸುವವರಿದ್ದಾರೆ, ಅದೂ ಸುಳ್ಳಲ್ಲ. 2023ರ ಫೆಬ್ರವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳ ಖರೀದಿಯನ್ನು ಪ್ರಕಟಿಸಿತು, ಅದೇ ಜೂನ್‌ನಲ್ಲಿ ಇಂಡಿಗೊ 500 ವಿಮಾನಗಳನ್ನು ಕೇಳಿತು. ಆದರೆ ಬೆಂಗಳೂರಿನ ಕಿಂಗ್‌ಫಿಶರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ಹಾರಾಟ ನಿಲ್ಲಿಸಿದ್ದನ್ನೂ ನಾವು ನೋಡಿದ್ದೇವೆ. ಆಗ ಬೀದಿಗೆ ಬಿದ್ದವರಲ್ಲಿ ಟೈಪ್ ರೇಟಿಂಗ್ ಇದ್ದವರೇ ಎಲ್ಲರೂ. ಸ್ವಂತ ಉಳಿತಾಯ ಸಾಕಷ್ಟಿದ್ದು, ನಷ್ಟವಾದರೆ ತಡೆದುಕೊಳ್ಳಬಲ್ಲವನು ಬೇಕಾದರೆ ಮುಂಚೆಯೇ ಮಾಡಿಕೊಳ್ಳಲಿ. ತಂದೆಯ ಹೊಲವನ್ನು ಪಣಕ್ಕಿಟ್ಟಲ್ಲ.

ಹೆಲಿಕಾಪ್ಟರ್ ಚಾಲಕರಾಗಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ಹೆಲಿಕಾಪ್ಟರಿನ ಪರವಾನಗಿ ವಿಮಾನಕ್ಕೆ ನಡೆಯದು. ನಿಮ್ಮ ದಾರಿ ಇನ್ನೂ ಉದ್ದ, ಆದ್ದರಿಂದ ಇನ್ನೂ ಬೇಗ ಹೊರಡಬೇಕು. 2021ರಲ್ಲಿ ಹಾರಾಟ ತರಬೇತಿ ಸಂಸ್ಥೆಗಳಿಗಾಗಿ ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿಯೂ ಒಂದೆಂಬುದು ತಿಳಿದಿರಲಿ. ಹೆಲಿಕಾಪ್ಟರಿನಲ್ಲಿಯೇ ಬದುಕು ಕಟ್ಟಿದವರೂ ಇದ್ದಾರೆ. ವಿಜಾಪುರದ ಸೈನಿಕ ಶಾಲೆಯಲ್ಲಿ ಓದಿ ಸೈನ್ಯ ಸೇರಿದ್ದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್, ಸೈನ್ಯದಲ್ಲಿ ಹೆಲಿಕಾಪ್ಟರ್ ಹಾರಿಸಿದ್ದ ಗೆಳೆಯ ಕ್ಯಾಪ್ಟನ್ ಸ್ಯಾಮ್ಯುಯೆಲ್ ಜೊತೆಗೂಡಿ ಡೆಕ್ಕನ್ ಏವಿಯೇಷನ್ ಕಟ್ಟಿದ್ದು ಹೆಲಿಕಾಪ್ಟರುಗಳಿಂದಲೇ. 2003ರ ಏರ್ ಡೆಕ್ಕನ್ ಆಮೇಲಿನ ಕಥೆ.

ಕಿತ್ತೂರಿನ ಶಾಲೆಯ ಹೆಣ್ಣುಮಕ್ಕಳಿಗೂ ಈ ಲೆಕ್ಕ ಅನ್ವಯಿಸುತ್ತದೆ. 2016ರಿಂದ ಯುದ್ಧವಿಮಾನವೂ ಮಹಿಳೆಯರಿಗೆ ತೆರೆದಿದೆ; 2018ರಲ್ಲಿ ನಮ್ಮ ಚಿಕ್ಕಮಗಳೂರಿನ ಮೇಘನಾ ಶಾನಭಾಗ ಆ ಸಾಲಿಗೆ ಸೇರಿದರು. ಶಾರ್ಟ್ ಸರ್ವಿಸ್‌ನಲ್ಲಿ ಹೋಗುವವರು 14 ವರ್ಷದ ಆಚೆಯ ಬದುಕನ್ನು ಸೇರುವ ದಿನವೇ ಒಮ್ಮೆ ನೆನೆಯಲಿ.

ನನ್ನ ವಿದ್ಯಾರ್ಥಿ ರಜೆಯಲ್ಲಿ ಪುಸ್ತಕ ಹಿಡಿದ. ಪರೀಕ್ಷೆಗಳನ್ನು ಬರೆದು ತೇರ್ಗಡೆಯಾಗಿ, ಪರವಾನಗಿ ಕೈಗೆ ಬಂದ ಮೇಲೆಯೇ ಅರ್ಜಿಗಳನ್ನು ಹಾಕಿದ್ದಾನೆ. ಕರೆ ಇನ್ನೂ ಬಂದಿಲ್ಲ. ಬಂದ ಮೇಲೆ, ಕಂಪನಿ ಹೇಳಿದ ವಿಮಾನಕ್ಕೇ ಟೈಪ್ ರೇಟಿಂಗ್ ಮಾಡುವನಂತೆ. ಅಗತ್ಯ ಬಿದ್ದರೆ ಬ್ಯಾಂಕಿನ ಸಾಲ ಪಡೆಯುವನಂತೆ. ಎರಡು ಎಕರೆಯಲ್ಲಿ ಈ ಹಿಂಗಾರಿಗೆ ಕಡಲೆ ಬಿತ್ತಿದ್ದೇವೆಂದು ಅವನ ತಂದೆ ಹೋದ ವಾರ ಫೋನಿನಲ್ಲಿ ಹೇಳಿದರು.

ಸೈನ್ಯದಲ್ಲಿರುವ ನಿಮ್ಮ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಇದನ್ನು ಓದಿ ಹೇಳಿ. ಅನುಭವವುಳ್ಳವರು ಇನ್ನೂ ಹೆಚ್ಚಿನದನ್ನು ತಿಳಿಸಿದರೆ ಸಂತೋಷದಿಂದ ಕಲಿಯುವೆ.