ಎದುರುಗಾಳಿಯ ಸರದಿ

ಅಣ್ಣಾದುರೈ ಅವರ ಜನ್ಮದಿನವಾದ ಸೆಪ್ಟೆಂಬರ್ 15ರ ನಿಮಿತ್ತ ತಮಿಳುನಾಡಿನ ಜಿಲ್ಲೆಗಳಲ್ಲಿ ಶಾಲಾ ಮಕ್ಕಳಿಗೆ ಸೈಕಲ್ ಸ್ಪರ್ಧೆ ನಡೆಯುತ್ತದೆ. ಸೂಳಗಿರಿಯ ಕನ್ನಡ ಮನೆಯ ಹುಡುಗನೊಬ್ಬನು ತಂದೆಯ ಹಳೆಯ ಸೈಕಲ್ ಏರಿ ಅದರಲ್ಲಿ ಸ್ಪರ್ಧಿಸಿದನು. ಅಂದು ಬಲವಾದ ಎದುರುಗಾಳಿ. ಮೊದಲಿನಿಂದಲೂ ಅವನೇ ಮುಂದೆ; ಉಳಿದವರು ಅವನ ಬೆನ್ನ ಮರೆಯಲ್ಲಿ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಮುಂದಿನವನು ಅದನ್ನು ಸೀಳಿದಷ್ಟೂ ಹಿಂದಿನವರ ಶ್ರಮ ಉಳಿಯುತ್ತದೆ. ಕೊನೆಯ ತಿರುವಿನಲ್ಲಿ ಅವರು ಅವನನ್ನು ದಾಟಿಹೋದರು.

“ಮೋಸವಾಯಿತಪ್ಪಾ” ಎಂದು ಹುಡುಗನು ಅತ್ತನು.

“ಮರೆಯಲ್ಲಿ ಸಾಗುವುದು ಪಂದ್ಯದ ರೀತಿಯೇ ಮಗು, ಸರದಿಯಂತೆ ಮುಂದಾಗುವುದೂ ಅದರ ರೀತಿಯೇ. ನೀನು ಪಕ್ಕಕ್ಕೆ ಸರಿದು ಸರದಿ ಕೇಳಬೇಕಿತ್ತು” ಎಂದರು ತಂದೆ.

ಮರುದಿನ ಶಾಲೆಯ ದಾರಿಯಲ್ಲೂ ಅದೇ ಗಾಳಿ. ಗೆಳೆಯನ ಮುಂದೆ ಅರ್ಧ ದಾರಿ ಸಾಗಿದ ಹುಡುಗನು ಪಕ್ಕಕ್ಕೆ ಸರಿದು, “ಈಗ ನಿನ್ನ ಸರದಿ” ಎಂದನು.