ಒಂದು ಸಾಲಿಗೆ ಒಂದು ಪ್ಯಾರಾ ಕಾರಣ

ನಾವಿಬ್ಬರೂ ಚಂದ್ರಗುತ್ತಿ ಕಡೆಯವರು. ಸೊರಬ ತಾಲ್ಲೂಕು ಅಂದ್ರೆ ಕೆರೆಗಳ ಸೀಮೆ. ತೂಬಿಗೆ ಒಂದು ಕಲ್ಲು ಅಡ್ಡ ಇಟ್ಟರೂ ಕೆಳಗಿನ ಗದ್ದೆಯವರು 'ಯಾಕೆ ಇಟ್ರಿ?' ಅಂತ ಕೇಳೇ ಕೇಳ್ತಾರೆ. ಕಲ್ಲು ಚಿಕ್ಕದೇ, ಆದ್ರೆ ನೀರು ಅವರದ್ದೂ ಹೌದಲ್ಲ!

ಪ್ರಾಜೆಕ್ಟಿಗಾಗಿ ಲಿನಕ್ಸ್ ನೆಟ್‌ವರ್ಕ್ ಡ್ರೈವರ್‌ಗಳನ್ನು ಓದೋಕೆ ಶುರುಮಾಡಿದಾಗ ಅಲ್ಲೂ ಇದೇ ಪ್ರಶ್ನೆ ಕಂಡಿತು. ಹಲವು ಡ್ರೈವರ್‌ಗಳಲ್ಲಿ ಆಗಿರುವ ಒಂದು ತಿದ್ದುಪಡಿ ನೋಡಿ. ಕರ್ನಲ್ ಒಂದು ಪ್ಯಾಕೆಟ್ಟನ್ನು ಕಳಿಸು ಅಂತ ಡ್ರೈವರ್ ಕೈಗೆ ಕೊಡುತ್ತೆ. ಡಿಎಂಎ ಮ್ಯಾಪಿಂಗ್ ಸೋತರೆ ಡ್ರೈವರ್ ಪ್ಯಾಕೆಟ್ಟನ್ನು ಕೈಬಿಟ್ಟು 'ಓಕೆ' ಅನ್ನುತ್ತೆ. 'ಓಕೆ' ಅಂದಮೇಲೆ ಆ ಪ್ಯಾಕೆಟ್ ಡ್ರೈವರಿನದೇ ಜವಾಬ್ದಾರಿ, ಕರ್ನಲ್ ಮತ್ತೆ ತಿರುಗಿ ನೋಡಲ್ಲ. ಡ್ರೈವರೂ ಅದರ ಮೆಮೊರಿ ಬಿಡದಿದ್ದರೆ ಅಷ್ಟು ಜಾಗ ಹೋದಂತೆಯೇ. ಪರಿಹಾರ ಒಂದೇ ಸಾಲು: ಹೊರಡೋ ಮುಂಚೆ ಮೆಮೊರಿ ಬಿಡುಗಡೆ ಮಾಡು.

ಆ ಸಾಲು ಡಿಫ್‌ನಲ್ಲೇ ಕಾಣುತ್ತೆ. ಕಾಣದೇ ಇರೋದು 'ಯಾಕೆ' ಅನ್ನೋದು. ಮ್ಯಾಪಿಂಗ್ ಸೋಲೋದು ಅಪರೂಪ, ಹಾಗಾಗಿ ಲ್ಯಾಬಿನ ಹತ್ತು ನಿಮಿಷದ ಟೆಸ್ಟಿನಲ್ಲಿ ಅದು ಸಿಗೋದು ಕಷ್ಟ. ತಿಂಗಳುಗಟ್ಟಲೆ ಆಫ್ ಆಗದೆ ಓಡುವ ಯಾವುದೋ ಊರಿನ ಮೆಷಿನ್ ಅದರ ಫಲ ಉಣ್ಣಬೇಕು. ಅದಕ್ಕೇ ಕರ್ನಲ್‌ನವರು ಮೊದಲು ಸಮಸ್ಯೆ ಹೇಳಿ, ಬಳಸುವವರಿಗೆ ಏನು ತೊಂದರೆ ಅಂತ ಬರೆಯಿರಿ ಅಂತಾರೆ. ತಪ್ಪು ಯಾವ ಹಳೇ ಕಮಿಟ್‌ನಿಂದ ಬಂತು ಅನ್ನೋದನ್ನೂ ಅದರ ಗುರುತಿನ ಕನಿಷ್ಠ 12 ಅಕ್ಷರಗಳ ಸಮೇತ ಕೇಳ್ತಾರೆ.

ನೆಟ್‌ವರ್ಕ್ ವಿಭಾಗದವರು ಇನ್ನೂ ಬಿಗಿ. ಬೇರೆ ಕೆಲಸದ ಜೊತೆಗಲ್ಲದೆ, ಬರೀ ಕೋಡ್ ಚೆಂದ ಮಾಡೋ ಪ್ಯಾಚ್‌ಗಳು ಬೇಡ ಅಂತ ಅವರ ನಿಯಮದಲ್ಲೇ ಇದೆ. ಕಾಗುಣಿತ ತಿದ್ದೋದಕ್ಕೆ ಮಾತ್ರ ಅಡ್ಡಿಯಿಲ್ಲ. ಮೊದಲ ಓದಿಗೆ ಇದು ಹೊಸಬರನ್ನು ದೂರ ಇಡೋ ಮಾತು ಅನ್ನಿಸಬಹುದು. ಆದರೆ ಪ್ರತಿ ಪ್ಯಾಚನ್ನೂ ಒಬ್ಬರು ಕೂತು ಓದಬೇಕು. ಸುಮ್ಮನೆ ಸಾಲು ಅಲುಗಾಡಿಸಿದರೆ, ನಾಳೆ ನಿಜವಾದ ರಿಪೇರಿಯನ್ನು ಹಳೇ ಆವೃತ್ತಿಗೆ ಒಯ್ಯುವಾಗ ಅದು ಹೊಂದದೇ ಹೋಗಬಹುದು. ನಮ್ಮ ರೆಸ್ಯೂಮೆಗೆ ಸಿಗೋ ಒಂದು ಸಾಲಿಗೆ ಬೆಲೆ ತೆರೋರು ಬೇರೆಯವರು.

2005ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಗಿಟ್ ಬರೆದದ್ದು ಈ ಕರ್ನಲ್ ಕೆಲಸಕ್ಕಾಗಿಯೇ. ಅದೇ ಗಿಟ್ ಈಗ ನಮ್ಮೆಲ್ಲರ ಲ್ಯಾಪ್‌ಟಾಪಿನಲ್ಲೂ ಇದೆ. ಇವತ್ತು ರಾತ್ರಿ ನಿಮ್ಮ ಪ್ರಾಜೆಕ್ಟಿನ ಲಾಗ್ ತೆಗೆದು, 'ಮೈನರ್ ಚೇಂಜಸ್' ಅನ್ನೋ ಕಮಿಟ್ ಎಷ್ಟಿವೆ ಎಣಿಸಿ. ಅದರಲ್ಲಿ ಏನು ಬದಲಾಯ್ತು ಅಂತ ಗಿಟ್ಟೇ ಹೇಳುತ್ತೆ. ಯಾಕೆ ಅಂತ ನೀವೇ ಹೇಳಬೇಕು.