ಹೆಲ್ಸಿಂಕಿ: ನಿರ್ಭಯ ನಗರದಲ್ಲಿ ಎಚ್ಚರದ ಹೆಜ್ಜೆ

ಬಾಲ್ಟಿಕ್ ಸಮುದ್ರದ ಕವಲಾದ ಫಿನ್ಲೆಂಡ್ ಕೊಲ್ಲಿಯ ದಂಡೆಯ ಮೇಲೆ ಹೆಲ್ಸಿಂಕಿ ನಗರವಿದೆ. 1550ರಲ್ಲಿ ಸ್ವೀಡನ್ನಿನ ದೊರೆ ಗುಸ್ತಾವ್ ವಾಸಾ ಇದನ್ನು ವ್ಯಾಪಾರದ ಪಟ್ಟಣವಾಗಿ ಸ್ಥಾಪಿಸಿದನು. 1812ರಲ್ಲಿ ಇದು ಫಿನ್ಲೆಂಡಿನ ರಾಜಧಾನಿಯಾಯಿತು. ಏಳು ಲಕ್ಷದ ಸಮೀಪ ಜನಸಂಖ್ಯೆಯ ಈ ರಾಜಧಾನಿ ನಮ್ಮ ಹುಬ್ಬಳ್ಳಿ-ಧಾರವಾಡಕ್ಕಿಂತಲೂ ಚಿಕ್ಕದು. ಯಂತ್ರಗಳ ಬಿಡಿಭಾಗಗಳ ವ್ಯವಹಾರದ ಮಾತುಕತೆಗಾಗಿ ನಾವು ನಾಲ್ವರು ಫೆಬ್ರವರಿಯ ಮೊದಲ ವಾರದಲ್ಲಿ ಅಲ್ಲಿಗೆ ಹೋಗುವ ಪ್ರಸಂಗ ಒದಗಿತು.

ಹೊರಡುವ ಮುನ್ನ ಮನೆಯಲ್ಲಿ ತಾಯಿಯವರು ಕೇಳಿದ ಮೊದಲ ಪ್ರಶ್ನೆ, "ಅಲ್ಲಿ ಗಲಾಟಿ-ಗಿಲಾಟಿ ಏನೂ ಇಲ್ಲಲ್ಲಪಾ?" ಎಂಬುದು. ಇಂದು ನಮ್ಮ ಸಮಾಜದ ಅನೇಕ ಮನೆಗಳಿಂದ ಮಗನೋ ಅಳಿಯನೋ ಸೊಸೆಯೋ ಉದ್ಯೋಗದ ನಿಮಿತ್ತ ಪರದೇಶಕ್ಕೆ ಹೋಗಿಬರುತ್ತಿರುವುದರಿಂದ, ಈ ಪ್ರಶ್ನೆ ಒಂದು ಮನೆಯದಾಗಿ ಉಳಿದಿಲ್ಲ. ದೊಡ್ಡ ಕಂಪನಿಗಳು ಇದಕ್ಕೆ ಒಂದು ಪಟ್ಟಿಯನ್ನೇ ಇಟ್ಟುಕೊಂಡಿರುತ್ತವೆ. ಅಪಾಯ ಹೆಚ್ಚು, ಮಧ್ಯಮ, ಕಡಿಮೆ ಎಂದು ದೇಶಗಳನ್ನು ವಿಂಗಡಿಸುತ್ತವೆ. ಹೆಲ್ಸಿಂಕಿಯಂಥ ನಗರ ಸಾಮಾನ್ಯವಾಗಿ ಕಡಿಮೆಯ ಸಾಲಿನಲ್ಲಿರುತ್ತದೆ. ತೊಡಕು ಇರುವುದು ಇಲ್ಲಿಯೇ. "ಕಡಿಮೆ" ಎಂಬ ಪದ ಕಂಡೊಡನೆ ಕೆಲವರು ಯಾವ ಸಿದ್ಧತೆಯನ್ನೂ ಮಾಡದೆ ಹೊರಡುತ್ತಾರೆ. ಮತ್ತೆ ಕೆಲವು ಕಚೇರಿಗಳು ಯುದ್ಧಭೂಮಿಗೆ ಹೋಗುವವರಿಗಾಗಿ ಬರೆದ ಸೂಚನೆಗಳನ್ನೇ ನಕಲು ಮಾಡಿ ಕೈಗೆ ಕೊಡುತ್ತವೆ. ನಮಗೆ ಒಂದು ಕಡೆಯಿಂದ ಬಂದ ಇಪ್ಪತ್ತು ಪುಟಗಳ ಸೂಚನೆಯಲ್ಲಿ ಅಪಹರಣಕಾರರೊಡನೆ ಹೇಗೆ ಮಾತನಾಡಬೇಕೆಂಬ ವಿವರವಿತ್ತು. ಮಂಜುಗಡ್ಡೆಯ ಮೇಲೆ ಹೇಗೆ ನಡೆಯಬೇಕೆಂಬ ಒಂದು ಮಾತೂ ಇರಲಿಲ್ಲ.

ಮೊದಲು ಕಾಗದಪತ್ರಗಳ ವಿಷಯ. ಫಿನ್ಲೆಂಡ್ ಷೆಂಗೆನ್ ಒಕ್ಕೂಟಕ್ಕೆ ಸೇರಿದ ದೇಶ. ಈ ವೀಸಾ ದೊರೆಯಬೇಕಾದರೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಇರಲೇಬೇಕು. ಪಾಸ್‌ಪೋರ್ಟಿನ ಅವಧಿ ಅಲ್ಲಿಂದ ಹೊರಟ ಮೇಲೂ ಮೂರು ತಿಂಗಳು ಉಳಿದಿರಬೇಕು. 2025ರ ಅಕ್ಟೋಬರ್ 12ರಿಂದ ಆ ದೇಶಗಳು ಗಡಿಯಲ್ಲಿ ನಮ್ಮಂಥವರ ಮುಖದ ಚಿತ್ರವನ್ನು ದಾಖಲಿಸಿಕೊಳ್ಳುವ ಹೊಸ ವ್ಯವಸ್ಥೆಯನ್ನು ಹಂತಹಂತವಾಗಿ ಆರಂಭಿಸಿದವು. ಆದುದರಿಂದ ವಿಮಾನ ಬದಲಿಸುವಲ್ಲಿ ಸಮಯವನ್ನು ಧಾರಾಳವಾಗಿ ಇಟ್ಟುಕೊಳ್ಳುವುದು ಒಳಿತು.

ಗೃಹಿಣಿಯರಿಗೆ ಒಂದು ಮಾತು. ಪರದೇಶದಲ್ಲಿ ಸಸ್ಯಾಹಾರಿಗಳಿಗೆ ಊಟದ ಚಿಂತೆ ಇದ್ದೇ ಇರುತ್ತದೆ. ಚೀಲದಲ್ಲಿ ಏನನ್ನಾದರೂ ತುಂಬಿ ಕಳಿಸಬೇಕೆಂಬ ಮಮತೆಯೂ ಸಹಜ. ಆದರೆ ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವವರು ಮಾಂಸವನ್ನಷ್ಟೇ ಅಲ್ಲ, ಹಾಲಿನ ಪದಾರ್ಥಗಳನ್ನೂ ತರುವಂತಿಲ್ಲ. ಮನೆಯ ತುಪ್ಪದ ಬಾಟಲಿ, ಅತಿಥೇಯರಿಗೆಂದು ಕಟ್ಟಿಸಿದ ಧಾರವಾಡ ಪೇಡೆಯ ಡಬ್ಬಿ ಇಲ್ಲಿಯೇ ಉಳಿಯಲಿ. 2019ರ ಡಿಸೆಂಬರಿನಿಂದ ಹಸಿ ತರಕಾರಿ, ಹಣ್ಣು, ಕರಿಬೇವಿನಂಥ ಸೊಪ್ಪಿಗೂ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು; ಬಾಳೆಹಣ್ಣು, ತೆಂಗಿನಕಾಯಿಯಂಥ ನಾಲ್ಕೈದಕ್ಕೆ ಮಾತ್ರ ವಿನಾಯಿತಿ. ಖಡಕ್ ಜೋಳದ ರೊಟ್ಟಿಗೂ ಶೇಂಗಾ ಚಟ್ನಿಪುಡಿಗೂ ಯಾವ ಅಡ್ಡಿಯೂ ಬರಲಿಲ್ಲ. ನಿತ್ಯದ ಗುಳಿಗೆಗಳನ್ನು ಅವುಗಳ ಮೂಲ ಪೊಟ್ಟಣದಲ್ಲಿಯೇ ಇಟ್ಟು, ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿ ಒಯ್ಯಬೇಕು.

ವಿಮಾನ ನಿಲ್ದಾಣದಿಂದ ನಗರಕ್ಕೆ 2015ರಿಂದ ರೈಲು ಇದೆ. ಸುಮಾರು ಅರ್ಧ ಗಂಟೆಯ ದಾರಿ. ಟ್ಯಾಕ್ಸಿಗಳ ದರದ ಮೇಲಿನ ಕಟ್ಟುಪಾಡನ್ನು 2018ರಲ್ಲಿ ಸಡಿಲಿಸಿದ್ದರಿಂದ ಒಂದೊಂದು ಕಂಪನಿಯ ದರ ಒಂದೊಂದು ಬಗೆ. ಹತ್ತುವ ಮುನ್ನ ಕೇಳಿಕೊಳ್ಳುವುದರಲ್ಲಿ ನಾಚಿಕೆ ಬೇಡ. ನಾವು ರೈಲನ್ನೇ ಹಿಡಿದೆವು. ವಾಸ್ತುಶಿಲ್ಪಿ ಎಲಿಯೆಲ್ ಸಾರಿನೆನ್ ರೂಪಿಸಿದ, 1919ರಲ್ಲಿ ತೆರೆದ ಕೇಂದ್ರ ನಿಲ್ದಾಣದ ಬಾಗಿಲಿನ ಎರಡೂ ಬದಿಗೆ ದೀಪದ ಗೋಳಗಳನ್ನು ಹಿಡಿದು ನಿಂತ ಶಿಲಾಪುರುಷರನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯದು. ಹಾಗೆ ತಲೆಯೆತ್ತಿ ನಿಂತವರ ಜೇಬಿನ ಕಡೆಗೇ ಕಳ್ಳರ ಕಣ್ಣು. ಈ ನಿಲ್ದಾಣ, ಟ್ರಾಮ್ ಮತ್ತು ಸಮುದ್ರದಂಡೆಯ ಸಂತೆಯ ಚೌಕ, ಇಷ್ಟು ಸ್ಥಳಗಳಲ್ಲಿ ಕಿಸೆಗಳ್ಳರ ಕಾಟವುಂಟು, ವಿಶೇಷವಾಗಿ ಬೇಸಗೆಯಲ್ಲಿ. ಶುಕ್ರವಾರ, ಶನಿವಾರಗಳ ರಾತ್ರಿ ಹೊತ್ತಾದ ಮೇಲೆ ನಿಲ್ದಾಣದ ಸುತ್ತ ಕುಡಿದವರ ಗದ್ದಲವೂ ಇರುತ್ತದೆ. ಮೈಮೇಲೆ ಬರುವವರಲ್ಲ, ಆದರೂ ದೂರವಿರುವುದು ಲೇಸು.

ವ್ಯಾಪಾರಸ್ಥರು ಕಾಯ್ದುಕೊಳ್ಳಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಮಾತನ್ನು. ರೈಲಿನಲ್ಲಿ, ಉಪಾಹಾರದ ಮೇಜಿನಲ್ಲಿ ದರದ ಲೆಕ್ಕ ಆಡುವುದು ನಮ್ಮವರ ರೂಢಿ. ಕನ್ನಡ ಯಾರಿಗೆ ತಿಳಿದೀತು ಎನ್ನುವಂತಿಲ್ಲ. ಭಾರತದಿಂದ ಹೋದ ಗಣಕಯಂತ್ರ ತಂತ್ರಜ್ಞರು ಅಲ್ಲಿ ಸಾಕಷ್ಟಿದ್ದಾರೆ. ಅದೂ ಅಲ್ಲದೆ ಅಂಕಿಗಳನ್ನು ಮಾತ್ರ ನಾವು ಇಂಗ್ಲಿಷಿನಲ್ಲಿಯೇ ಹೇಳುತ್ತೇವಲ್ಲ! ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಬಿಟ್ಟು ಕಾಫಿ ತರಲು ಎದ್ದು ಹೋಗುವುದನ್ನು ಅಲ್ಲಿನವರು ನಿಶ್ಚಿಂತೆಯಿಂದ ಮಾಡುತ್ತಾರೆ. ಅವರನ್ನು ನೋಡಿ ನಾವು ಕಲಿಯಬೇಕಾದದ್ದು ಬಹಳವಿದೆ, ಇದೊಂದನ್ನು ಬಿಟ್ಟು.

ಇನ್ನು ಆ ನಗರದ ನಿಜವಾದ ಅಪಾಯದ ಮಾತು. ಚಳಿಗಾಲದಲ್ಲಿ ಕಾಲುದಾರಿಯ ಮೇಲೆ ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿ ಗಾಜಿನಂತಾಗುತ್ತದೆ. ನಗರದವರು ಅದರ ಮೇಲೆ ಸಣ್ಣ ಜಲ್ಲಿ ಹರಡುತ್ತಾರೆ. ಆದರೆ ರಾತ್ರಿ ಬಿದ್ದ ತೆಳು ಹಿಮದ ಕೆಳಗೆ ಜಲ್ಲಿಯೂ ಕಾಣದು, ಗಾಜೂ ಕಾಣದು. ನಮ್ಮ ಜೊತೆಗಿದ್ದ ಹಿರಿಯ ಉದ್ಯಮಿಯೊಬ್ಬರು ಎರಡನೆಯ ದಿನ ಸಂಜೆ ಹೋಟೆಲಿನಿಂದ ನೂರು ಹೆಜ್ಜೆ ದೂರದಲ್ಲಿ ಜಾರಿ ಬಿದ್ದರು. ತೊಟ್ಟದ್ದು ಊರಿನ ಸಭೆಗಳಿಗೆ ಹಾಕಿಕೊಳ್ಳುವ ನಯವಾದ ಅಡಿಯ ಬೂಟು. "ಏನೂ ಆಗಿಲ್ಲ ಬಿಡ್ರಿ" ಎಂದು ಎದ್ದರು. ಬಲಗೈ ಮಾತ್ರ ಏಳಲಿಲ್ಲ.

ಫಿನ್ಲೆಂಡಿನಲ್ಲಿ ಪೊಲೀಸರು, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲಕ್ಕೂ 112 ಒಂದೇ ಸಂಖ್ಯೆ. ಅವರ 112 ಆ್ಯಪನ್ನು ಫೋನಿನಲ್ಲಿ ಹಾಕಿಕೊಂಡು ಅದರಿಂದಲೇ ಕರೆದರೆ, ನಾವು ನಿಂತಿರುವ ಸ್ಥಳವೂ ತಾನಾಗಿ ಅವರಿಗೆ ತಿಳಿಯುತ್ತದೆ. ಬಾಯಿ ಹೊರಳದ ಬೀದಿಯ ಹೆಸರುಗಳುಳ್ಳ ಆ ಊರಿನಲ್ಲಿ ಇದು ಸಣ್ಣ ಉಪಕಾರವಲ್ಲ. ಪ್ರಾಣಾಪಾಯವಿಲ್ಲದ ತೊಂದರೆಗೆ 116 117 ಎಂಬ ಬೇರೆ ಸಂಖ್ಯೆಯಿದೆ. ಹೋಟೆಲಿನವರು ಅದಕ್ಕೆ ಕರೆ ಮಾಡಿ, ಹೋಗಬೇಕಾದ ಚಿಕಿತ್ಸಾಲಯವನ್ನು ತಿಳಿದು ಹೇಳಿದರು. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಆರೈಕೆಯಲ್ಲಿ ಕುಂದಿಲ್ಲ, ಆದರೆ ನಮ್ಮಂಥವರಿಗೆ ಅದು ಉಚಿತವಲ್ಲ. ವಿಮೆಯ ಪಾಲಿಸಿ ಸಂಖ್ಯೆ ಕೇಳಿದಾಗ ಹಿರಿಯರು ಸುಮ್ಮನೆ ಕುಳಿತರು. ವೀಸಾಕ್ಕೆಂದು ಮಾಡಿಸಿದ ಕಾಗದ ಗದಗಿನಲ್ಲಿ ಮಗನ ಕಪಾಟಿನಲ್ಲಿತ್ತು. ಆಗ ಅಲ್ಲಿ ರಾತ್ರಿ ಒಂಬತ್ತು ಗಂಟೆ. ಚಳಿಗಾಲದಲ್ಲಿ ನಮ್ಮ ಗಡಿಯಾರ ಮೂರೂವರೆ ಗಂಟೆ ಮುಂದಿರುವುದರಿಂದ ಗದಗಿನಲ್ಲಿ ಹನ್ನೆರಡೂವರೆ. ಮಗನ ಫೋನು ಎಷ್ಟು ಬಾರಿ ಮೊಳಗಿದರೂ ಉತ್ತರವಿಲ್ಲ. ಕೊನೆಗೆ ನೆರೆಮನೆಯವರನ್ನು ಎಬ್ಬಿಸಿ, ಅವರು ಬಾಗಿಲು ತಟ್ಟಿ, ಮನೆಮಂದಿಯೆಲ್ಲ ಗಾಬರಿಯಾಗಿ ಎದ್ದು, ಕಾಗದದ ಚಿತ್ರ ನಮ್ಮ ಕೈಸೇರುವ ಹೊತ್ತಿಗೆ ಒಂದು ತಾಸು ಮೀರಿತ್ತು. ಆ ಒಂದು ತಾಸಿನಲ್ಲಿ ಸೊಸೆ ಪಟ್ಟ ಭೀತಿ, ಮುರಿದ ಮೂಳೆಯ ನೋವಿಗಿಂತ ಕಡಿಮೆಯದಲ್ಲ. ಅಪಾಯವುಳ್ಳ ದೇಶಕ್ಕೆ ಹೊರಟಿದ್ದರೆ ಇದೇ ಹಿರಿಯರು ಆ ಕಾಗದವನ್ನು ಎದೆಗವಚಿಕೊಂಡು ಹೋಗುತ್ತಿದ್ದರೆಂಬುದರಲ್ಲಿ ನಮಗೆ ಸಂಶಯವಿಲ್ಲ.

ಮರುದಿನ ಬೆಳಿಗ್ಗೆ ನಾವೆಲ್ಲ ಅಂಗಡಿಗೆ ಹೋಗಿ ಬೂಟಿನ ಅಡಿಗೆ ಎಳೆದು ಕಟ್ಟುವ ಮುಳ್ಳಿನ ಪಟ್ಟಿಗಳನ್ನು ಕೊಂಡೆವು. ಅದರ ಜೊತೆಗೆ ಕೋಟಿಗೆ ತೂಗುಹಾಕುವ, ಬೆಳಕು ಬಿದ್ದರೆ ಹೊಳೆಯುವ ಬಿಲ್ಲೆಯನ್ನೂ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಒಂಬತ್ತೂವರೆಯ ಸುಮಾರಿಗೆ ಹುಟ್ಟಿ ಮೂರೂಕಾಲಿಗೆ ಮುಳುಗುತ್ತಾನೆ. ಕತ್ತಲಲ್ಲಿ ನಡೆಯುವವರು ಈ ಬಿಲ್ಲೆಯನ್ನು ಧರಿಸಬೇಕೆಂದು ಅಲ್ಲಿನ ರಸ್ತೆ ಕಾಯಿದೆಯೇ ಹೇಳುತ್ತದೆ. ವಾಹನಗಳು ಬಲಬದಿಯಲ್ಲಿ ಸಾಗುವುದರಿಂದ, ರಸ್ತೆ ದಾಟುವ ನಮ್ಮ ಕಣ್ಣು ರೂಢಿಯಂತೆ ತಪ್ಪು ದಿಕ್ಕಿಗೇ ಹೊರಳುತ್ತದೆ. ಟ್ರಾಮ್ ಹಿಮದಲ್ಲಿ ಸದ್ದಿಲ್ಲದೆ ಬಂದು ನಿಲ್ಲುತ್ತದೆ. ಹಳೆಯ ಕಟ್ಟಡಗಳ ಸೂರಿನಿಂದ ಮಂಜುಗಡ್ಡೆ ಕಳಚಿ ಬೀಳುವ ಕಡೆ ಕಾಲುದಾರಿಗೆ ಅಡ್ಡಗಟ್ಟಿರುತ್ತಾರೆ. ಬಳಸಿ ಹೋಗಬೇಕು.

ಈ ಊರು ಅಪಾಯವನ್ನು ಅರಿಯದ ಊರೇನಲ್ಲ. 1939ರ ನವೆಂಬರ್ 30ರಂದು, ಮತ್ತೆ 1944ರ ಫೆಬ್ರವರಿಯಲ್ಲಿ ಮೂರು ಬಾರಿ ಸೋವಿಯತ್ ವಿಮಾನಗಳು ಇದರ ಮೇಲೆ ಬಾಂಬು ಸುರಿಸಿದವು. 1975ರಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟಗಳೂ ಸೇರಿ 35 ರಾಷ್ಟ್ರಗಳು ಯೂರೋಪಿನ ಭದ್ರತೆಯ ಒಪ್ಪಂದಕ್ಕೆ ಸಹಿ ಹಾಕಿದ್ದು ಇಲ್ಲಿಯ ಫಿನ್ಲೆಂಡಿಯಾ ಭವನದಲ್ಲಿ. ಸಹಿಯ ಮೇಲೆ ಮಾತ್ರ ಭಾರ ಹಾಕಿ ಕುಳಿತವರಲ್ಲ ಇವರು. ನಗರದ ಕೆಳಗಿನ ಗಟ್ಟಿ ಬಂಡೆಯನ್ನು ಕೊರೆದೂ, ಕಟ್ಟಡಗಳ ನೆಲಮಾಳಿಗೆಗಳಲ್ಲಿಯೂ ಸುಮಾರು 5,500 ರಕ್ಷಣಾ ಆಶ್ರಯಗಳನ್ನು ನಿರ್ಮಿಸಿದ್ದಾರೆ. ಒಂಬತ್ತು ಲಕ್ಷ ಜನರಿಗೆ ಅವುಗಳಲ್ಲಿ ಸ್ಥಳವುಂಟು, ಎಂದರೆ ನಿವಾಸಿಗಳಿಗಷ್ಟೇ ಅಲ್ಲ, ನಮ್ಮಂಥ ಪ್ರವಾಸಿಗಳಿಗೂ. ನಗರದ ಪೂರ್ವಭಾಗದ ಇತಾಕೆಸ್ಕುಸ್‌ನಲ್ಲಿ ಇಂಥದೊಂದು ಗುಹೆ 1993ರಿಂದ ಈಜುಕೊಳವಾಗಿದೆ. ಮಕ್ಕಳು ನೀರಿನಲ್ಲಿ ಆಡುತ್ತಿರುತ್ತಾರೆ. ಅಗತ್ಯ ಬಿದ್ದರೆ ನೀರನ್ನು ಬಸಿದು ಮೂರು ದಿನಗಳೊಳಗೆ 3,800 ಜನರಿಗೆ ಆಶ್ರಯವಾಗುವಂತೆ ಅದನ್ನು ಅಣಿಗೊಳಿಸಬಹುದು.

ನಾವಿದ್ದ ಸೋಮವಾರ ಮಧ್ಯಾಹ್ನ, ಹೋಟೆಲಿನ ಮೊಗಸಾಲೆಯಲ್ಲಿ ಕುಳಿತಿರುವಾಗ ನಗರದ ಮೇಲೆಲ್ಲ ಸೈರನ್ ಮೊಳಗಿತು. ನಮ್ಮ ಹಿರಿಯರು ಪಟ್ಟಿ ಕಟ್ಟಿದ ಕೈಯೊಂದಿಗೆ ಥಟ್ಟನೆ ಎದ್ದು ನಿಂತರು. ಪ್ರತಿ ತಿಂಗಳ ಮೊದಲ ಸೋಮವಾರ ಹನ್ನೆರಡು ಗಂಟೆಗೆ ಅದನ್ನು ಪರೀಕ್ಷಿಸುತ್ತಾರಂತೆ. ನಿಜವಾದ ಎಚ್ಚರಿಕೆಯಾದರೆ ಸದ್ದು ಏರುತ್ತ ಇಳಿಯುತ್ತ ಒಂದು ನಿಮಿಷ ಕೇಳಿಸುತ್ತದೆ. ಆಗ ಒಳಗೆ ಹೋಗಿ ಕಿಟಕಿ ಬಾಗಿಲು ಮುಚ್ಚಿ ರೇಡಿಯೋ ಕೇಳಬೇಕು. ಇಷ್ಟನ್ನೂ ನಮಗೆ ವಿವರಿಸಿದ ಸ್ವಾಗತದ ಮೇಜಿನ ಹೆಣ್ಣುಮಗಳು, ಹಿರಿಯರಿಗೆ ಕುರ್ಚಿ ಸರಿಸಿ ಕೂರಿಸಿ, ತನ್ನ ಕೈಗಡಿಯಾರವನ್ನು ಒಮ್ಮೆ ನೋಡಿ ಸಮಯ ಸರಿಮಾಡಿಕೊಂಡಳು.